ಮೇಷ್ಟ್ರ ಸಂಖ್ಯೆ

ರಹಮತ್‌ಬೀ ಸ್ಲೇಟಿನ ಮೇಲೆ 457457 ಎಂದು ದೊಡ್ಡದಾಗಿ ಬರೆದು, ಹಾಸಿಗೆ ಹಿಡಿದಿದ್ದ ತಿಪ್ಪೇರುದ್ರಸ್ವಾಮಿ ಮೇಷ್ಟ್ರ ಕಣ್ಣೆದುರು ಹಿಡಿದಳು. "ಯಾಕವ್ವ ಸುಮ್ನೆ? ಲಕ್ವ ಹೊಡೆದ ಮ್ಯಾಲೆ ಒಂದು ಮಾತಿಲ್ಲ, ಯಾರ ಗುರ್ತೂ ಇಲ್ಲ," ಎಂದು ಅವರ ಹೆಂಡತಿ ಬೊಮ್ಮಕ್ಕ ನಿಟ್ಟುಸಿರಿಟ್ಟರು.

ರಹಮತ್‌ಬೀ ಬಿಡಲಿಲ್ಲ. ಜಗಳೂರಿನಲ್ಲಿ ಅವಳಿಗೆ ಲೆಕ್ಕ ಕಲಿಸಿದವರು ಈ ಮೇಷ್ಟ್ರು. ಅವರ ದಯೆಯಿಂದಲೇ 1943ರಲ್ಲಿ ಅವಳೂ ಹೊನ್ನಾಳಿಯಲ್ಲಿ ಟೀಚರಾಗಿದ್ದಳು. ಬೇಕೆಂದೇ ತಪ್ಪು ಹೇಳಿದಳು: "ಸಾರ್, ಇದು ಏಳರಿಂದ ಭಾಗ ಹೋಗಲ್ಲ, ಅಲ್ವೇನ್ರಿ?"

ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಸೊಟ್ಟಗಾಗಿದ್ದ ತುಟಿ ಅಲುಗಿತು. "ಹೋಗ್ತೈತೆ... ಯಾವ ಮೂರಂಕಿ ಎರಡು ಸಲ ಬರೆದ್ರೂ... ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ... ಹೋಗ್ತೈತೆ ಕಣೆ, ರಹಮತ್!"

"ಹೂಂ ಸಾರ್, ಹೋಗ್ತೈತೆ," ಎನ್ನುತ್ತ ರಹಮತ್‌ಬೀ ಅತ್ತೇಬಿಟ್ಟಳು. ಬೊಮ್ಮಕ್ಕ ಬಳಪದ ಪುಡಿ ಮೆತ್ತಿದ್ದ ಅವಳ ಬೆರಳುಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು.