ತಾಳೆ ಓದು

2024ರ ಫೆಬ್ರವರಿ 12, ಸೋಮವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಸರಸ್ವತಿಪುರಂನ ಅನುವಾದ ಕಚೇರಿಯಲ್ಲಿ ಕರಿಬಸವಯ್ಯ ಜರ್ಮನ್ ಪೇಟೆಂಟಿನ ಹಾಳೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಎದುರಿಗೆ ಸುಷ್ಮಾ ತನ್ನ ಇಂಗ್ಲಿಷ್ ಅನುವಾದದ ಮೇಲೆ ಪೆನ್ಸಿಲ್ ಜಾರಿಸುತ್ತಿದ್ದಳು. ಮೂಲವನ್ನು ಒಬ್ಬರು ಓದಿ, ಇನ್ನೊಬ್ಬರು ತಾಳೆ ನೋಡಿ, ಇಬ್ಬರೂ ಸಹಿ ಹಾಕಿದರೆ ಮಾತ್ರ ಕಡತ ಹೊರಗೆ ಹೋಗುತ್ತಿತ್ತು.

“ಗೆಬ್ರೌಖ್ಸ್‌ಮುಸ್ಟರ್‌ಗೆ ಏನ್ ಬರ್ದಿದೀಯ?”

“ಪೆಟಿ ಪೇಟೆಂಟ್, ಸರ್.”

“ಯುಟಿಲಿಟಿ ಮಾಡೆಲ್ ಅನ್ನಮ್ಮ. ಅದು ಪೇಟೆಂಟಿನ ತಮ್ಮ, ಪೇಟೆಂಟಲ್ಲ. ನಿಂಗೆ ಜರ್ಮನ್ ಕಲ್ಸಿದ್ದು ಯಾರು?”

“ನೀವೇ.”

“ಹಂಗಾದ್ರೆ ಹೊರಗಡೆ ಹೇಳ್ಬೇಡ ಬುಡು.”

ಸುಷ್ಮಾ ನಕ್ಕಳು. ಕಾನೂನಿನ ಉದ್ದುದ್ದ ಪದಗುಚ್ಛಗಳು ಅವರ ಬಾಯಿಂದ ತಡೆಯಿಲ್ಲದೆ ಬರುತ್ತಿದ್ದವು. ಆಮೇಲೆ ಅವರು, ಲೇಪನದ ದಪ್ಪ 0.8 ಮಿಲಿಮೀಟರ್ ಎಂದರು. ಅವಳ ಪ್ರತಿಯಲ್ಲಿ 0.3 ಇತ್ತು. ತಪ್ಪು ತನ್ನದೇ ಇರಬೇಕೆಂದು ಅವರ ಹಾಳೆಯತ್ತ ಬಗ್ಗಿದಳು. ಅದು ಚಿತ್ರಗಳ ಪುಟ. ಅಲ್ಲಿ ಒಂದು ವಾಕ್ಯವೂ ಇರಲಿಲ್ಲ.

“ಎಷ್ಟ್ ದಿನ ಆಯ್ತು ಸರ್, ಕಣ್ಣು ಹೀಗಾಗಿ?”

ಕರಿಬಸವಯ್ಯ ಹಾಳೆ ಕೆಳಗಿಟ್ಟರು. “ದೀಪಾವಳಿಯಿಂದ. ಮನೇಲಿ ನಮ್ಮವಳು ಒಂದೊಂದೇ ಅಕ್ಷರ ಓದ್ತಾಳೆ. ಅವಳಿಗೆ ಜರ್ಮನ್ ಬರಲ್ಲ, ನಾನು ಜೋಡಿಸ್ಕೊಂಡು ಬಾಯಿಪಾಠ ಮಾಡ್ತೀನಿ. ಪಾಪ, ಮೂರನ್ನ ಎಂಟು ಅಂದಿರ್ಬೇಕು.”

“ಡಾಕ್ಟರು ಏನಂದ್ರು?”

“ಹೋಗಿದ್ದು ಬರಲ್ಲ ಅಂದ್ರು. ಇಲ್ಲಿ ಗೊತ್ತಾದ್ರೆ ನಾಳೆಯಿಂದ ಬರ್ಬೇಡಿ ಅಂತಾರೆ. ಮನೇಲಿ ಕೂತು ಏನ್ ಮಾಡ್ಲಿ ಹೇಳು?”

ದೀಪಾವಳಿಯಿಂದೀಚೆಗೆ ಹದಿನೇಳು ಕಡತ ಹೋಗಿದ್ದವು. ಎಲ್ಲದರಲ್ಲೂ ಅವಳ ಸಹಿಯಿತ್ತು. ಇಂದಿನ ಕಡತದ ಪ್ರಮಾಣಪತ್ರ ಇಬ್ಬರ ಸಹಿಗಾಗಿ ಮೇಜಿನ ಮೇಲೆ ಕಾದಿತ್ತು. ಸುಷ್ಮಾ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು.

“ಸ್ವಲ್ಪನಾದ್ರೂ ಕಾಣ್ಸುತ್ತಾ ಸರ್?”

“ಕಾಣ್ಸುತ್ತೆ ಅಂದ್ರೆ ನಂಬ್ಕೊಂಡು ಸಹಿ ಹಾಕ್ಬುಡ್ತೀಯ. ಬೇಡ. ಕಂಪ್ಯೂಟರ್‌ನಲ್ಲಿ ನಂಗೆ ಗೊತ್ತಿಲ್ಲದ ಒಂದು ಅಂಕಿ ಹಾಕು. ಎಷ್ಟು ದೊಡ್ಡದಾದ್ರೆ ಕಾಣುತ್ತೋ ಅಳತೆ ತಗೊಳ್ಳೋಣ.”

ಅವಳು ಅಂಕಿ ಹಾಕಿ ದೊಡ್ಡದು ಮಾಡುತ್ತ ಹೋದಳು. ಕರಿಬಸವಯ್ಯ ಬೆನ್ನು ನೆಟ್ಟಗೆ ಮಾಡಿ ಕುಳಿತರು. “ಇನ್ನೂ,” ಎಂದರು. ಮತ್ತೆ, “ಇನ್ನೂ.” ಬಹಳ ಹೊತ್ತಿನ ಮೇಲೆ, “ಏಳು.”

ಏಳೇ ಆಗಿತ್ತು. ಸುಷ್ಮಾ ಪರದೆಗೆ ಸ್ಕೇಲು ಹಿಡಿದಳು.

“ದಶಮಾಂಶ ಬಿಡ್ಬೇಡ ಕಣಮ್ಮ,” ಎಂದರು ಕರಿಬಸವಯ್ಯ.

ಅಂಕಿಯ ಎತ್ತರ 11.4 ಸೆಂಟಿಮೀಟರ್ ಇತ್ತು.