ಕೊಳ್ಳುವ ಮುನ್ನ ಕೇಳಬೇಕಾದದ್ದು

"ನಿನ್ನ ಬೇಹುಗಾರ್ತಿ ಮತ್ತೆ ಬಂದಳು," ಎಂದ ಗ್ಲೆನ್, ಹಲ್ಲು ಕಚ್ಚಿ.

ಲಾಸ್ ಗ್ಯಾಟೋಸ್ ಊರಿನ ಆ ಕಂಪ್ಯೂಟರ್ ಅಂಗಡಿಯ ಮಾಲೀಕ ಅವನು. ತಿರುಮಲೇಶ ಅಲ್ಲಿ ಸೇಲ್ಸ್‌ಮನ್. ಮೈಸೂರಿನಿಂದ ಕಡಲು ದಾಟಿ ಬಂದು, ಓದಿ, ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದವನು. ಎಂಬತ್ತೈದರಲ್ಲಿ ಆ ಕಂಪನಿ ಬಾಗಿಲು ಹಾಕಿದ ಮೇಲೆ ಸಿಕ್ಕ ಕೆಲಸ ಹಿಡಿದಿದ್ದ. ಅದಾಗಿ ಎರಡು ವರ್ಷ.

ಪ್ರತಿ ಸಲ ಪ್ರಶ್ನೆ ಕೇಳಿ ಏನೂ ಕೊಳ್ಳದೆ ಹೋಗುತ್ತಿದ್ದ ಅಜ್ಜಿ ನಂಜಮ್ಮ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಇಳಕಲ್ ಸೀರೆ, ಅದರ ಮೇಲೆ ಸ್ವೆಟರು, ಕಾಲಿಗೆ ಬಿಳಿ ಟೆನಿಸ್ ಶೂ. ಹೊರಗೆ ಕಾರಿನಲ್ಲಿ ಎಂದಿನಂತೆ ಅದೇ ಹುಡುಗಿ. ಸ್ಟೀರಿಂಗ್ ಹಿಡಿದೇ ಕೂತಿರುತ್ತಾಳೆ, ಒಮ್ಮೆಯೂ ಇಳಿದಿಲ್ಲ.

"ಆ ಹುಡುಗಿ ಯಾವುದೋ ಬೇರೆ ಕಂಪನಿಯವಳು," ಗ್ಲೆನ್ ಪಿಸುಗುಟ್ಟಿದ. "ಮುದುಕಿಯನ್ನು ಒಳಗೆ ಕಳಿಸಿ ನಮ್ಮ ಗುಟ್ಟು ತಿಳಿದುಕೊಳ್ಳುತ್ತಿದ್ದಾಳೆ. ಇವತ್ತು ಮಾರಾಟ ಆಗಲಿಲ್ಲವೋ, ಸೋಮವಾರದಿಂದ ನೀನು ಬರಬೇಡ."

ಅಜ್ಜಿ ಸೀದಾ ಲ್ಯಾಪ್‌ಟಾಪಿನ ಮುಂದೆ ಬಂದು ನಿಂತರು.

"ಏನಪ್ಪ ತಿರುಮಲೇಶ, ಊಟ ಆಯ್ತಾ?"

"ಆಯ್ತು ಅಜ್ಜಿ. ಬೆಳಿಗ್ಗೆ ಮಾಡಿದ್ದ ಬಿಸಿಬೇಳೆಭಾತು."

"ನೀನೇ ಮಾಡಿದ್ದಾ?"

"ಮತ್ಯಾರು ಮಾಡ್ತಾರೆ?"

"ಒಳ್ಳೇದು." ಅವರು ಮೆಷೀನಿನ ಬೆನ್ನ ಮೇಲೆ ಅಂಗೈ ಇಟ್ಟು ನೋಡಿದರು. "ಇದು ಬೇಗ ಬಿಸಿಯಾಗುತ್ತಾ?"

"ಸ್ವಲ್ಪ ಆಗುತ್ತೆ. ಆಫ್ ಮಾಡಿ ಸುಮ್ನೆ ಬಿಟ್ರೆ ತಣ್ಣಗಾಗುತ್ತೆ."

"ಕೆಟ್ಟು ನಿಂತ್ರೆ? ಸಿಟ್ಟು ಮಾಡ್ಕೊಂಡು ಕುಟ್ತೀಯೋ, ಬಿಚ್ಚಿ ನೋಡ್ತೀಯೋ?"

"ಬಿಚ್ಚಿ ನೋಡ್ತೀನಿ. ಕುಟ್ಟಿದ್ರೆ ರಿಪೇರಿ ಆಗಲ್ಲ ಅಜ್ಜಿ," ತಿರುಮಲೇಶನಿಗೆ ನಗು ಬಂತು.

"ಇದಕ್ಕಿಂತ ಒಳ್ಳೇದು ಬಂತು ಅಂತ ಇಟ್ಕೋ. ಆಗ ಹಳೇದನ್ನ ಏನು ಮಾಡ್ತೀಯ?"

"ನಾನು ಬಿಸಾಕೋನಲ್ಲ. ಕಾಲೇಜಲ್ಲಿ ತಗೊಂಡ ಟೇಪ್‌ರೆಕಾರ್ಡರು ಇನ್ನೂ ಇಟ್ಕೊಂಡಿದೀನಿ. ಅದೂ ಚೆನ್ನಾಗೇ ಹಾಡುತ್ತೆ."

ಗ್ಲೆನ್ ಕೌಂಟರಿನ ಹಿಂದೆ ಕೆಮ್ಮಿದ.

ನಂಜಮ್ಮ ಅವನತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಇನ್ನೊಂದೇ ಪ್ರಶ್ನೆ. ನಾನು ಇದನ್ನ ತಗೊಳ್ಳಲಾ? ಊರಿಗೆ ನಾಲ್ಕು ಸಾಲು ಕಾಗದ ಬರೆಯೋಕೆ, ಅಷ್ಟೇ. ನೀನು ತಗೋ ಅಂದ್ರೆ ಈಗಲೇ ತಗೊಂಡುಬಿಡ್ತೀನಿ."

ತಿರುಮಲೇಶ ಕೌಂಟರಿನ ಕಡೆ ನೋಡಿದ. ಹೂಂ ಎಂದರೆ ಕೆಲಸ ಉಳಿಯುತ್ತದೆ. ಅಜ್ಜಿ ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ಮಂಕು ಪರದೆಯ ಅಕ್ಷರಗಳನ್ನು ಹುಡುಕುತ್ತಿದ್ದರು.

"ಬೇಡ ಅಜ್ಜಿ," ಎಂದುಬಿಟ್ಟ. "ಈ ಸ್ಕ್ರೀನು ನಿಮ್ಮ ಕಣ್ಣಿಗೆ ಹಿಡಿಸಲ್ಲ. ಇದರಲ್ಲಿ ಕನ್ನಡ ಬರಲ್ಲ. ಎತ್ತೋಕೂ ಭಾರ. ಕಾಗದಕ್ಕೆ ಪೆನ್ನೇ ಸಾಕು."

ಗ್ಲೆನ್‌ಗೆ ಕನ್ನಡ ಬರುತ್ತಿರಲಿಲ್ಲ. ಆದರೆ ತಿರುಮಲೇಶ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ್ದು, ಅಜ್ಜಿ ಬರಿಗೈಯಲ್ಲಿ ಬಾಗಿಲು ದಾಟಿದ್ದು ಕಾಣಿಸಿತು. ಅವನು ಬಾಗಿಲಿನ ಕಡೆ ಬೆರಳು ತೋರಿಸಿದ.

ಶರ್ಟಿನ ಮೇಲಿದ್ದ ಹೆಸರಿನ ಪಟ್ಟಿ ಬಿಚ್ಚಿಟ್ಟು ತಿರುಮಲೇಶ ಹೊರಬಿದ್ದ. ಬಿಸಿಲು ಚುರುಗುಟ್ಟುತ್ತಿತ್ತು. ಅಪಾರ್ಟ್‌ಮೆಂಟಿಗೆ ಹೋಗಿ ಏನು ಮಾಡುವುದೆಂದು ಹೊಳೆಯದೆ ಮೆಟ್ಟಿಲ ಮೇಲೆ ನಿಂತ. ಕಾರು ಇನ್ನೂ ಹೋಗಿರಲಿಲ್ಲ. ನಂಜಮ್ಮ ಅದಕ್ಕೆ ಒರಗಿ ನಿಂತಿದ್ದರು.

"ಮನೆಗೆ ಕಳಿಸಿದ್ನಾ?"

"ಹೂಂ ಅಜ್ಜಿ. ನೀವು ಬೇಜಾರು ಮಾಡ್ಕೋಬೇಡಿ."

ಕಾರಿನ ಗಾಜು ಕೆಳಗಿಳಿಯಿತು. "ಅಜ್ಜಿ, ದಟ್ಸ್ ಇನಫ್ ಟೆಸ್ಟಿಂಗು," ಎಂದಳು ಹುಡುಗಿ, ಮುಖ ಕೆಂಪಾಗಿಸಿಕೊಂಡು. "ಹೇಳಿಬಿಡಿ ಅವರಿಗೆ."

"ಇವಳು ನನ್ನ ಮೊಮ್ಮಗಳು, ಮೈಥಿಲಿ," ಎಂದರು ನಂಜಮ್ಮ. "ಇಂಥಾ ಮೆಷೀನು ಮಾಡೋ ಕಂಪನೀಲೇ ಇಂಜಿನಿಯರು. ನಮ್ಮನೇಲಿ ಆಗಲೇ ಎರಡಿವೆ."

ತಿರುಮಲೇಶ ದಂಗಾದ. ಹಾಗಾದರೆ ಗ್ಲೆನ್ ಹೇಳಿದ್ದೇ ನಿಜ! ಇಷ್ಟು ದಿನ ಅಜ್ಜಿ ಅಜ್ಜಿ ಎಂದು ಎಲ್ಲವನ್ನೂ ಬಿಚ್ಚಿ ಹೇಳಿದ್ದ.

"ಬೇಹುಗಾರಿಕೆ ಮಾಡೋಕೆ ಬಂದಿದ್ರಾ?"

"ಹೂಂ ಮತ್ತೆ, ಅಂಗಡೀದಲ್ಲ, ನಿಂದು. ಯುಗಾದಿ ದಿನ ಕನ್ನಡ ಕೂಟದಲ್ಲಿ ನೀನು ಊಟ ಬಡಿಸ್ತಿದ್ದೆ. ಇವಳು ನಿನ್ನನ್ನೇ ನೋಡ್ತಿದ್ಲು. ನಾನು ಇವಳನ್ನ ನೋಡ್ತಿದ್ದೆ."

ಅವನ ಕಿವಿ ಬೆಚ್ಚಗಾಯಿತು. "ಅಜ್ಜಿ, ನನಗೀಗ ಕೆಲಸಾನೂ ಇಲ್ಲ."

"ಕೆಲಸ ಇನ್ನೊಂದು ಸಿಗುತ್ತೆ ಬಿಡು," ಎಂದರು ನಂಜಮ್ಮ. "ಮೈಸೂರಲ್ಲಿ ನಿಮ್ಮಮ್ಮನ ಫೋನ್ ನಂಬರು ಹೇಳು. ಹೆಣ್ಣಿನ ಕಡೆಯವರು ನಾವೇ ಮೊದಲು ಮಾತಾಡ್ಬೇಕಲ್ಲ."