ಪಂಪು ಸುಮ್ಮನಾಯಿತು

ಒಂದು ನಲ್ಲಿಯೂ ತೆರೆದಿರಲಿಲ್ಲ. ಆದರೂ ಮಂಚದ ಕೆಳಗಿನ ಪಂಪು ಗುರ್ರೆಂದು ಓಡಿ, ತಾನೇ ನಿಂತಿತು. ಅಮ್ಮ ಚಹಾದ ಲೋಟ ಕೆಳಗಿಟ್ಟಳು.

"ನಿನ್ನೆಯಿಂದ ಹೀಗೇ ಕೆಮ್ತಾ ಇದೆ. ಇದೇನು ಮನೆನಾ, ಆಸ್ಪತ್ರೆನಾ?"

ಹಲ್ಲಿನ ಡಾಕ್ಟರಾದ ಮಗಳು ಬಾಡಿಗೆ ಮನೆ ಬಿಟ್ಟು, ಹಳೆಯ ದೋಣಿಯೊಂದನ್ನು ಕೊಂಡು ಅದರಲ್ಲೇ ವಾಸ ಹೂಡಿದ್ದಳು. ಅಪ್ಪ ಕೆಂಡವಾಗಿ, ಅವಳನ್ನು ಕರೆದುಕೊಂಡೇ ಬಾ ಎಂದು ಅಮ್ಮನನ್ನು ಅಟ್ಟಿದ್ದ. ಅಮ್ಮ ಮಗಳ ಬಟ್ಟೆ ತುಂಬಲೆಂದು ಖಾಲಿ ಸೂಟ್‌ಕೇಸನ್ನೇ ಹಿಡಿದು ಬಂದಿದ್ದಳು.

ಎಲ್ಲೋ ಸೋರುತ್ತಿದೆ, ಒತ್ತಡ ಇಳಿದಾಗಲೆಲ್ಲ ಪಂಪು ಓಡುತ್ತದೆ, ಹೀಗೇ ಬಿಟ್ಟರೆ ಟ್ಯಾಂಕಿನ ಕುಡಿಯುವ ನೀರೆಲ್ಲ ದೋಣಿಯ ತಳ ಸೇರುತ್ತದೆ ಎಂದು ಮಗಳು ಹೇಳಿದಳು. ನೆಲದ ಹಲಗೆಗಳನ್ನು ಎಬ್ಬಿಸಿ, ಪೈಪಿನ ಒಂದೊಂದು ಜೋಡಣೆಗೂ ಒಣ ಟಿಶ್ಯೂ ಸುತ್ತಿದಳು. ಅಮ್ಮ ಟಾರ್ಚು ಹಿಡಿದು, ಬೈಯುತ್ತಲೇ, ಹಿಂದೆ ಹಿಂದೆ ತೆವಳಿದಳು. ಎಲ್ಲ ಕಡೆ ಕಾಗದ ಗರಿಗರಿಯಾಗಿಯೇ ಇತ್ತು. ಗೀಸರಿನ ಹಿಂದಿನದು ಮಾತ್ರ ನೆನೆದು ಮುದ್ದೆಯಾಗಿತ್ತು. ಸಂದಿ ಇಕ್ಕಟ್ಟು. ಮಗಳ ಕೈ ಮಣಿಕಟ್ಟಿನಲ್ಲೇ ಸಿಕ್ಕಿಕೊಂಡಿತು.

"ಊರವರ ಬಾಯೊಳಗೆಲ್ಲ ಕೈ ಹಾಕ್ತೀಯ, ಇಲ್ಲಿ ಹೋಗಲ್ವಾ? ಸರಿ ಅತ್ಲಾಗೆ," ಎಂದು ಅಮ್ಮ ಬಳೆ ಕಳಚಿಟ್ಟಳು.

ಮಗಳು ಸ್ವಿಚ್ಚು ಆರಿಸಿ, ನಲ್ಲಿ ತೆರೆದು ಒತ್ತಡ ಇಳಿಸಿದಳು. ಅಮ್ಮ ಕೆನ್ನೆಯನ್ನು ಗೀಸರಿಗೆ ಒತ್ತಿ, ಕಣ್ಣು ಮುಚ್ಚಿ, ಬೆರಳಲ್ಲೇ ತಡಕಾಡಿದಳು. ಕ್ಲಿಪ್ಪು ಸಡಿಲ, ಪೈಪಿನ ತುದಿ ಸೀಳು. ಅವಳು ಪೈಪು ಎಳೆದುಕೊಟ್ಟಳು. ಮಗಳು ಸೀಳಿದ ತುದಿ ಕತ್ತರಿಸಿ ವಾಪಸು ಕೊಟ್ಟಳು. ಅದನ್ನು ಮತ್ತೆ ಕೂರಿಸಿ, ಗಂಡನ ಕಿವಿ ಹಿಂಡುವವಳ ಹಾಗೆ ಅಮ್ಮ ಕ್ಲಿಪ್ಪಿನ ತಿರುಪು ಬಿಗಿದಳು.

ಸ್ವಿಚ್ಚು ಹಾಕಿದ್ದೇ ತಡ, ನಲ್ಲಿ ಗಾಳಿ ಉಗುಳಿ, ಸೀನಿ, ಅಮ್ಮನ ಮುಖಕ್ಕೆಲ್ಲ ನೀರೆರಚಿತು. ಬಂದ ಮೇಲೆ ಮೊದಲ ಸಲ ಅವಳು ನಕ್ಕಳು. ನಲ್ಲಿ ಮುಚ್ಚಿ ಇಬ್ಬರೂ ನೆಲದ ಮೇಲೇ ಕುಳಿತು ಕಾದರು. ಚಹಾ ಆಯಿತು, ಇನ್ನೊಂದು ಚಹಾ ಆಯಿತು. ಪಂಪು ಕಮಕ್ ಕಿಮಕ್ ಎನ್ನಲಿಲ್ಲ. ದೋಣಿಯ ಪಕ್ಕೆಯನ್ನು ಅಲೆ ಸವರುವುದಷ್ಟೇ ಕೇಳುತ್ತಿತ್ತು. ಅಮ್ಮ ಕಾಲು ನೀಡಿ ಗೋಡೆಗೆ ಒರಗಿದಳು. ಊರಿಗೆ ಹೋಗುವ ಮಾತನ್ನು ಇವತ್ತಿನ್ನೂ ಎತ್ತಿಲ್ಲವಲ್ಲ ಎಂದು ಮಗಳಿಗೆ ಆಗ ಹೊಳೆಯಿತು.

ಸಂಜೆ ಅಪ್ಪ ಫೋನು ಮಾಡಿದ. ನಾಳೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂಬ ಅವನ ಗದರಿಕೆ ಮಗಳಿಗೂ ಕೇಳಿಸಿತು.

"ಹೇಗ್ರೀ ಬರೋದು?" ಎಂದಳು ಅಮ್ಮ, ದಿಂಬು ಸರಿಮಾಡಿಕೊಳ್ಳುತ್ತ. "ಇಲ್ಲಿ ಇನ್ನೂ ಸೋರ್ತಾನೇ ಇದೆ."